ಯಾರೂ ಆಸೆಪಡದ ಹೆಸರು

1961ರ ಫೆಬ್ರವರಿ ಹನ್ನೆರಡು, ಮುಂಜಾನೆ ಹತ್ತೂವರೆ. ಇಚಲಕರಂಜಿಯ ಮಗ್ಗದ ಓಣಿಯಲ್ಲಿ ಮಾಯಪ್ಪನ ಮನೆಯ ತೊಲೆಗೆ ತೊಟ್ಟಿಲು ಕಟ್ಟಿಯಾಗಿತ್ತು. ಹದಿಮೂರು ದಿನದ ಹೆಣ್ಣುಕೂಸನ್ನು ಅದರಲ್ಲಿ ಮಲಗಿಸಿಯೂ ಆಗಿತ್ತು. ಅದರ ಕಿವಿಯಲ್ಲಿ ಹೇಳಬೇಕಾದ ಹೆಸರೊಂದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ.

"ತಿಪ್ಪವ್ವ," ಎಂದಳು ಅಜ್ಜಿ ದುರ್ಗವ್ವ, ಬೆಳಗಿನಿಂದ ಹತ್ತನೆಯ ಸಲ. "ಚಂದ ಚಂದ ಹೆಸರ ಇಟ್ಟ ನೋಡಿದ್ವಿ. ಚಂದ್ರಕಲಾ ಎರಡ ತಿಂಗಳ ಇದ್ದಳು, ರಾಜೇಂದ್ರ ಅಷ್ಟೂ ಇರಲಿಲ್ಲ. ಚಂದ ಹೆಸರ ಕೇಳಿದ್ರ ಯಮಗೂ ಆಸೆ ಆಗತೈತಿ. ತಿಪ್ಪಿ ಅಂದ್ರ ಮೂಗ ಮುಚ್ಚಿಕೊಂಡ ಹೋಗತಾನ."

"ನಾಳೆ ಸಾಲ್ಯಾಗ ಹುಡುಗ್ರೂ ಮೂಗ ಮುಚ್ಚಿಕೋತಾರ್ರಿ ಅತ್ತಿ," ಎಂದಳು ಮಾಯಪ್ಪನ ಹೆಂಡತಿ, ಬಾಣಂತಿ ಚೆನ್ನವ್ವ.

"ಸಾಲಿಗೆ ಹೋಗಾಕ ಮೊದಲ ಕೂಸ ಉಳೀಬೇಕಲ್ಲ!"

ಆದರೆ ಚೆನ್ನವ್ವನ ಮನಸ್ಸಿನೊಳಗೆ ಒಂದು ಆಣೆ ಇತ್ತು. ದವಾಖಾನೆಯಲ್ಲಿ ಕೂಸು ಹುಟ್ಟಿದಾಗ ನೀಲಿಗಟ್ಟಿತ್ತು, ಅಳಲೇ ಇಲ್ಲ. ನರ್ಸಬಾಯಿ ಸಿಸಿಲಿಯಾ ಅದರ ಬಾಯಿಗೆ ಬಾಯಿಟ್ಟು ಉಸಿರು ಊದಿ, ಅಂಗಾಲಿಗೆ ಬೆರಳಿನಿಂದ ಚಿಮ್ಮಿ ಚಿಮ್ಮಿ ಅಳಿಸಿದ್ದಳು. ಆ ಅಳು ಕೇಳಿದ ಗಳಿಗೆಯಲ್ಲೇ ಚೆನ್ನವ್ವ ನಿಶ್ಚಯ ಮಾಡಿಬಿಟ್ಟಿದ್ದಳು: ಈ ಕೂಸಿಗೆ ಈಕೆಯದೇ ಹೆಸರು.

ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅದಕ್ಕೇ ಯಡ್ರಾವದಿಂದ ಬಂದ ನಾದಿನಿ ತಂಗೆವ್ವನ ಗಂಟಿನೊಳಗೆ ಚೆನ್ನವ್ವ ನಿನ್ನೆಯೇ ಸದ್ದಿಲ್ಲದೆ ಒಂದು ಹೊಸ ಕುಪ್ಪಸದ ಖಣ ತುರುಕಿದ್ದಳು. ಗಂಟಿನಲ್ಲಿ ದುರ್ಗವ್ವನದೂ ಒಂದು ಖಣ ಮೊದಲೇ ಸೇರಿತ್ತು ಎಂಬುದು ಗೊತ್ತಾದದ್ದು ಈಗ, ಎಲ್ಲರೆದುರು.

"ಇಬ್ಬರ ಕಡಿಂದೂ ಖಣ ತಗೊಂಡೇನಿ. ಎರಡೂ ಹೆಸರ ಹೇಳಲೇನು?" ಎಂದಳು ತಂಗೆವ್ವ. ಹೆಸರು ಹೇಳುವಾಗ ಸುತ್ತ ನೆರೆದ ಹೆಂಗಸರು ಸೋದರತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ಓಣಿಯ ಹೆಂಗಸರು ಆಗಲೇ ಬಳೆ ಹಿಂದಕ್ಕೆ ಸರಿಸಿ ಕುಳಿತಿದ್ದರು. "ಲಗೂ ಠರಾವ ಮಾಡ್ರಿ. ಬೆನ್ನ ನಂದೈತಿ!"

ಅಷ್ಟರಲ್ಲಿ ಸಿಸಿಲಿಯಾಳೇ ಬಿಳಿ ಸೀರೆಯಲ್ಲಿ, ಕೈಯಲ್ಲೊಂದು ಉಣ್ಣೆಯ ಕುಂಚಿಗೆ ಹಿಡಿದು ಒಳಗೆ ಬಂದಳು. ದುರ್ಗವ್ವ ಅವಳನ್ನು ಚಾಪೆಯ ಮೇಲೆ ಕೂರಿಸಿ, ಸಕ್ಕರೆ ಕೊಟ್ಟು, ನೇರ ವಿಚಾರಣೆಗೆ ಇಳಿದಳು.

"ಬಾಯಿ, ನಿನ್ನ ಹೆಸರಿನ ಅರ್ಥ ಏನು? ಖರೇ ಹೇಳು. ನಮ್ಮ ಸೊಸಿ ಅದನ್ನ ಕೂಸಿಗೆ ಇಡಬೇಕಂತ ಹಟಾ ಹಿಡದಾಳ."

ಚೆನ್ನವ್ವ ಅತ್ತೆಯ ಬೆನ್ನ ಹಿಂದಿನಿಂದ ಕಣ್ಣು, ಹುಬ್ಬು, ತಲೆ ಎಲ್ಲ ಅಲ್ಲಾಡಿಸಿದಳು. ಹೂವು ಅನ್ನಬೇಡ, ಬೆಳಕು ಅನ್ನಬೇಡ, ದೇವತೆ ಅಂತೂ ಬೇಡವೇ ಬೇಡ! ಸಿಸಿಲಿಯಾ ಅತ್ತ ನೋಡಲೇ ಇಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತುತ್ತಿದ್ದಳು.

"ಹೇಳಾಕ ನಾಚಿಕಿ ಆಗತೈತ್ರಿ ಅಜ್ಜಿ. ಅದು ಲ್ಯಾಟಿನ್ ಭಾಷಾದ ಹೆಸರು. ರೋಮಿನ್ಯಾಗ ಒಂದು ಹಳೀ ಮನೆತನದ್ದು. ಅದರ ಅರ್ಥ..." ದನಿ ಇಳಿಯಿತು. "ಕುರುಡಿ."

ತಂಗೆವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ತನಗಾಗಿ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡ ಚೆನ್ನವ್ವ ನರ್ಸಬಾಯಿಯ ಮುಖ ನೋಡಿದಳು. ಕಿವಿಯ ತುದಿ ಕೆಂಪಾಗಿತ್ತು. ಸುಳ್ಳಲ್ಲ.

"ಕುರುಡಿ?" ದುರ್ಗವ್ವ ಮುಂದಕ್ಕೆ ಬಾಗಿದಳು. "ಖರೇನ?"

"ಹೌದ್ರಿ. ಕಾನ್ವೆಂಟ ಸಾಲ್ಯಾಗ ಮದರ್ ಹೇಳಿದ್ರು. ಆವತ್ತಿಂದ ಯಾರ ಮುಂದೂ ಬಾಯಿ ಬಿಟ್ಟಿಲ್ಲ."

"ನಿನ್ನ ಮೊದಲ ನಿಮ್ಮವ್ವಗ ಎಷ್ಟ ಕೂಸ ಹೋಗಿದ್ವು?"

"ಒಂದೂ ಇಲ್ರಿ! ಖಾನಾಪುರದ ಕಡೆ ನಮ್ಮ ಮಂದ್ಯಾಗ ಓಣಿಗಿಬ್ಬರು ಸಿಸಿಲಿಯಾ ಅದಾರ. ನಮ್ಮ ಅಜ್ಜಿನೂ ಅದ ಹೆಸರಿನಾಕಿ, ಎಂಬತ್ತೆರಡ ವರ್ಷ."

"ಎಂಬತ್ತೆರಡ!" ದುರ್ಗವ್ವ ಸುತ್ತಲಿನವರ ಮುಖ ಒಂದೊಂದಾಗಿ ನೋಡಿದಳು. "ಕೇಳಿದ್ರಿಲ್ಲ? ಓಣಿಗಿಬ್ಬರು! ಕುರುಡಿ ಅಂದ್ರ ಯಾವ ಯಮ ಆಸೆಪಡತಾನ?"

"ಹಂಗಲ್ರಿ ಅಜ್ಜಿ, ಆ ಹೆಸರಿನ ದೊಡ್ಡ ಸಂತಳು ಇದ್ದಳು. ಹಾಡು-ಸಂಗೀತಕ್ಕ ಆಕೀನ ತಾಯಿ ಇದ್ದಂಗ. ಭಾಳ ಚಂದ—"

ದುರ್ಗವ್ವ ಥಟ್ಟನೆ ಅಂಗೈಯಿಂದ ಅವಳ ಬಾಯಿ ಮುಚ್ಚಿದಳು. "ಸಾಕವ್ವ. ಮುಂದಿಂದ ಹೇಳಬ್ಯಾಡ. ಅಂವ ಕೇಳಿಸಿಕೊಂಡಾನು."

ತಂಗೆವ್ವ ತೊಟ್ಟಿಲಿಗೆ ಬಾಗಿ, ಪದ್ಧತಿಯಂತೆ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು, ಸಿಸಿಲಿಯಾ ಎಂಬ ಹೆಸರು ಉಸುರಿದಳು. ಬೆನ್ನಿನ ಮೇಲೆ ಗುದ್ದುಗಳು ಸುರಿದವು. ಎಲ್ಲಕ್ಕಿಂತ ಜೋರಾದದ್ದು ದುರ್ಗವ್ವನದು. ಚೆನ್ನವ್ವ ನಗು ತಡೆಯಲಾರದೆ ಕೂಸಿಗೆ ಆ ಉಣ್ಣೆಯ ಕುಂಚಿಗೆ ತೊಡಿಸುವ ನೆವದಲ್ಲಿ ತೊಟ್ಟಿಲೊಳಗೆ ಮುಖ ಹುದುಗಿಸಿದಳು.

ಆ ಹೆಸರಿನ ಗುಟ್ಟು ಓಣಿ ದಾಟಲು ಎರಡು ದಿನ ಹಿಡಿಯಿತು. 1967ರ ಜೂನ್‌ನಲ್ಲಿ ಅಲ್ಲಿಯ ಶಾಲೆಯ ಒಂದನೆಯ ಇಯತ್ತೆಯಲ್ಲಿ ಅಲ್ಲಪ್ಪ ಮಾಸ್ತರರು ಮೊದಲ ದಿನ ಹಾಜರಿ ಕರೆಯುತ್ತ "ಸಿಸಿಲಿಯಾ" ಎಂದಾಗ, ಐದು ಹುಡುಗಿಯರು ಎದ್ದು ನಿಂತರು.