ಕೊರಳು ಬದಲಿಸಿದ ತಾಳಿ

"ಮೈಮೇಲೆ ಚಿನ್ನ ಒಂದು ಚೂರೂ ಇರಬಾರದು ಆಂಟಿ. ಆ ತಾಳಿ ಸರಾನೂ ತೆಗೀರಿ," ಎಂದು ನರ್ಸ್ ಅಂಕಮ್ಮ ಕೈ ಚಾಚಿದಳು. ಸತ್ಯಭಾಮಾ ಸರವನ್ನು ಮುಷ್ಟಿಯಲ್ಲಿ ಭದ್ರವಾಗಿ ಹಿಡಿದುಕೊಂಡು, "ಹಾಗಾದ್ರೆ ಆಪರೇಷನ್ನೇ ಬೇಡ. ರೀ, ಮನೆಗೆ ನಡೀರಿ," ಎಂದರು.

ಜಯನಗರದ ಆ ಆಸ್ಪತ್ರೆಯಲ್ಲಿ ಅವರ ಹೃದಯದ ಕವಾಟ ಬದಲಿಸಲು ಎಂಟೂವರೆಗೆ ಥಿಯೇಟರ್ ನಿಗದಿಯಾಗಿತ್ತು. ಆಗಲೇ ಎಂಟು ದಾಟಿತ್ತು. ಇನ್ನು ತಡ ಮಾಡಿದರೆ ಜೀವಕ್ಕೇ ಅಪಾಯವೆಂದು ಡಾಕ್ಟರು ಹಿಂದಿನ ವಾರವೇ ಹೇಳಿದ್ದರು.

ಅಂಕಮ್ಮನಿಗೆ ಇದೇನೂ ಹೊಸದಲ್ಲ. "ಅರಿಶಿನದ ಕೊಂಬು ದಾರಕ್ಕೆ ಕಟ್ಟಿ ಕೈಗೆ ಹಾಕ್ತೀನಿ. ಎಲ್ರೂ ಹಾಗೇ ಮಾಡೋದು."

"ಕೈಗೆ ಕಟ್ಟಿದ್ರೆ ಅದು ತಾಳಿ ಹೇಗಾಗುತ್ತೆ? ಕೊರಳಲ್ಲೇ ಇರಬೇಕು. ಇವರಿಗೇನಾದ್ರೂ ಆದ್ರೆ?"

ಇವರು ಎಂದರೆ ಗಂಡ ಅನಂತಪದ್ಮನಾಭ. ಕಲ್ಲುಗುಂಡಿನ ಹಾಗಿದ್ದ ಅವರು ಮಂಚದ ಪಕ್ಕ ಫ್ಲಾಸ್ಕ್ ಹಿಡಿದು ನಿಂತಿದ್ದರು. ಎದೆ ಕೊಯ್ಯುವುದು ಸತ್ಯಭಾಮಾ ಅವರದನ್ನು. ಆ ಹೆದರಿಕೆಗೆ ಆಕೆಗೆ ಮೂರು ದಿನದಿಂದ ನಿದ್ದೆಯಿಲ್ಲ. ಆದರೆ ನನಗೆ ಸಾಯಲು ಭಯ ಎಂದು ಹೇಳಲು ನಾಚಿಕೆ. ಗಂಡನ ಆಯುಸ್ಸಿಗಾಗಿ ಹೆದರುವುದಕ್ಕೆ ಆ ನಾಚಿಕೆ ಇರಲಿಲ್ಲ.

ಅನಂತಪದ್ಮನಾಭ ಸಚಿವಾಲಯದಲ್ಲಿ ಮೂವತ್ತೈದು ವರ್ಷ ಕಡತ ನೋಡಿ, ತೊಂಬತ್ತೈದನೇ ಇಸವಿಯಲ್ಲಿ ನಿವೃತ್ತರಾದವರು. ಫ್ಲಾಸ್ಕನ್ನು ಕೆಳಗಿಟ್ಟು ಯೋಚಿಸಿದರು. "ಕೊರಳಲ್ಲಿರಬೇಕು. ಅಷ್ಟೇ ತಾನೆ ರೂಲು? ಯಾರ ಕೊರಳು ಅಂತ ಏನೂ ಹೇಳಿಲ್ವಲ್ಲ," ಎಂದು ಹೆಂಡತಿಯ ಮುಂದೆ ತಲೆ ಬಗ್ಗಿಸಿದರು.

ಸತ್ಯಭಾಮಾ ಅವರಿಗೆ ನಗು ಬಂತು. ಆ ನಗು ಆರುವುದರೊಳಗೆ ಸರ ತೆಗೆದು ಗಂಡನ ಕೊರಳಿಗೆ ಹಾಕಿದರು. ಅಂಕಮ್ಮ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಳು. ಅನಂತಪದ್ಮನಾಭ ಸರವನ್ನು ಅಂಗಿಯೊಳಗೆ ಇಳಿಬಿಟ್ಟು, ಹೊರಗೆ ಹೋಗಿ ಬೆಂಚಿನ ಮೇಲೆ ಆರು ಗಂಟೆ ಕೂತರು.

ಆಪರೇಷನ್ ಮುಗಿದು ಎಚ್ಚರವಾದಾಗ ಗಂಟಲಲ್ಲಿ ಕೊಳವೆ ಇತ್ತು, ಮಾತು ಹೊರಡಲಿಲ್ಲ. ಸತ್ಯಭಾಮಾ ಕಣ್ಣಲ್ಲೇ ಗಂಡನ ಕೊರಳು ಹುಡುಕಿದರು. ಅನಂತಪದ್ಮನಾಭ ಒಳಗೆ ಬರುವಾಗ ತೊಡಿಸಿದ್ದ ಆಸ್ಪತ್ರೆಯ ಹಸಿರು ಗೌನು ಸರಿಸಿ, ಅಂಗಿಯ ಗುಂಡಿ ಬಿಚ್ಚಿ ತಾಳಿ ತೋರಿಸಿ, ಮತ್ತೆ ಗುಂಡಿ ಹಾಕಿಕೊಂಡರು. ಸತ್ಯಭಾಮಾ ನೆಮ್ಮದಿಯಾಗಿ ನಿದ್ದೆ ಹೋದರು.

ಮನೆಗೆ ಬಂದ ಮೇಲೆ ಬಕೆಟ್ ಎತ್ತುವಂತಿಲ್ಲ, ಕೆಮ್ಮು ಬಂದರೆ ಎದೆಗೆ ದಿಂಬು ಅವಚಿಕೊಳ್ಳಬೇಕು. ಶ್ವಾಸಕೋಶದ ವ್ಯಾಯಾಮಕ್ಕೆಂದು ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಡಬ್ಬಿಯ ಮೂರು ಚೆಂಡುಗಳನ್ನು ಉಸಿರೆಳೆದು ಮೇಲೇರಿಸುವ ಕೆಲಸ ಬೇರೆ. ಮೊದಲ ವಾರ ಒಂದು ಚೆಂಡೂ ಅಲುಗಲಿಲ್ಲ, ಸತ್ಯಭಾಮಾ ಅತ್ತುಬಿಟ್ಟರು. ತಿಂಗಳಿಗೆ ಮೂರೂ ಏರಿದವು. ಮೂರನೆಯ ತಿಂಗಳು ರಾಗಿಗುಡ್ಡದ ದೇವಸ್ಥಾನದ ಮೆಟ್ಟಿಲು ಹತ್ತಿ ಇಳಿದು ಬಂದು, ಸೋಫಾದಲ್ಲಿ ಕೂತು ಕೈ ಚಾಚಿದರು.

"ಇನ್ನು ಕೊಡ್ರೀ ಅದನ್ನ. ಮೊನ್ನೆ ಹಾಲಿನವನೂ ನಿಮ್ಮ ಕೊರಳನ್ನೇ ನೋಡ್ತಿದ್ದ."

"ಗಾಯಕ್ಕೆ ತಾಗುತ್ತೆ."

"ಗಾಯ ಮಾಯ್ದು ಎಷ್ಟು ದಿನ ಆಯ್ತು!"

"ಮುಂದಿನ ಚೆಕಪ್ ಆಗ್ಲಿ, ನೋಡೋಣ."

"ಡಾಕ್ಟ್ರು ಎಲ್ಲಾ ನೋಡಿ ಆಯ್ತಲ್ಲ? ಈಗ್ಲೂ ಭಯ ಇದೆಯೇನಮ್ಮಾ ಅಂತಾನೂ ಕೇಳಿದ್ರು. ಇಲ್ಲ ಅಂದೆ."

ಅನಂತಪದ್ಮನಾಭ ಅಂಗಿಯ ಮೇಲಿನ ಗುಂಡಿಯನ್ನು ಭದ್ರ ಮಾಡಿಕೊಂಡರು.

"ನನ್ನನ್ನ ಯಾರೂ ಕೇಳ್ಲಿಲ್ವಲ್ಲ," ಎಂದರು.