ಕಾವಲುಗಾರನ ಕೈಗೆ

ಮಾಲೀಕ ಹಿಂಬಾಗಿಲಿಗೆ ಹೊಸ ಬೀಗ ತಂದಿದ್ದ. ಹಳೆಯದನ್ನು ಮೊನ್ನೆ ಇಸ್ತ್ರಿಯಕ್ಕ ಒಡೆದುಹಾಕಿದ್ದಳು. ಹೊಲಿಗೆ ಕಾರ್ಖಾನೆಯ ಮುಂಬಾಗಿಲಲ್ಲಿ ರಾಶಿ ಬಿದ್ದಿದ್ದ ಚಿಂದಿಗೆ ಬೆಂಕಿ ಹೊತ್ತಿ, ಒಳಗೆಲ್ಲ ಹೊಗೆ ತುಂಬಿ, ಹೆಣ್ಣುಮಕ್ಕಳು ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾಗ, ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯಿಂದಲೇ ಕುಟ್ಟಿ ಕುಟ್ಟಿ ಒಡೆದಿದ್ದಳು. ಬೀಗದ ಕೈ ಮಾಲೀಕನ ಜೇಬಿನಲ್ಲಿತ್ತು. ಮಾಲೀಕ ಮನೆಯಲ್ಲಿ ಊಟಕ್ಕೆ ಕೂತಿದ್ದ. ಎಲ್ಲರೂ ಹೇಗೋ ಹೊರಬಂದರು. ಅವಳ ತಂಗಿಯನ್ನು ಮಾತ್ರ ಹೊತ್ತು ತರಬೇಕಾಯಿತು. ಪಾಪದ ಹುಡುಗಿ ಇನ್ನೂ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದಾಳೆ.

"ಎಲ್ಲಾ ದೇವರ ದಯೆ. ಒಬ್ಬರಿಗೂ ಏನೂ ಆಗ್ಲಿಲ್ಲ ನೋಡಿ," ಎಂದು ಮಾಲೀಕ ಹಿಂಬಾಗಿಲ ಮೇಲಿನ ಫಲಕದ ಕಡೆ ಕೈ ತೋರಿಸಿದ. 'ದೇವರೇ ನಮ್ಮ ಕಾವಲು' ಎಂದು ಅವನೇ ಬರೆಸಿ ಹಾಕಿದ್ದು. ಕಿಟಕಿಗಳ ಮಸಿ ಹಾಗೇ ಇತ್ತು, ಫಲಕವನ್ನು ಮಾತ್ರ ಬೆಳಿಗ್ಗೆಯೇ ಒರೆಸಿದ್ದರು.

ಒಬ್ಬರಿಗೂ ಏನೂ ಆಗಲಿಲ್ಲವಂತೆ! ಇಸ್ತ್ರಿಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

"ಯಜಮಾನ್ರೇ, ಬೀಗ ಬೇಡ. ಒಳಗಿಂದ ಚಿಲಕ ಹಾಕಿದ್ರೆ ಸಾಕು."

"ಬಟ್ಟೆ ಕಳ್ಳತನ ಆದ್ರೆ ನೀನು ಕಟ್ಟಿಕೊಡ್ತೀಯಾ?"

"ಮತ್ತೆ ಬೆಂಕಿ ಬಿದ್ರೆ?"

"ದೇವರ ಮೇಲೆ ನಂಬಿಕೆ ಇಡಮ್ಮ. ಎಲ್ಲರಿಗಿಂತ ಉದ್ದ ಪ್ರಾರ್ಥನೆ ಮಾಡೋಳು ನೀನು. ನಿನಗೆ ನಾನು ಹೇಳಿಕೊಡಬೇಕಾ?"

ನಂಬಿಕೆ ಅವಳಿಗಿತ್ತು. ಕಣ್ಣು ಕಾಣದ ಹೊಗೆಯಲ್ಲಿ, ಬಾಗಿಲೆಲ್ಲಿ ತೋರಿಸಪ್ಪಾ ಎಂದು ದೇವರನ್ನೇ ಕೂಗಿದ್ದಳು. ಆದರೆ ಈ ಮನುಷ್ಯನ ಲೆಕ್ಕಾಚಾರ ನೋಡಿ: ಬಟ್ಟೆ ಕಾಯಲು ಬೀಗ, ಹೆಣ್ಣುಮಕ್ಕಳನ್ನು ಕಾಯಲು ದೇವರು. ಅಷ್ಟೊಂದು ನಂಬಿಕೆಯಿದ್ದವನು ಬಟ್ಟೆಯನ್ನೇಕೆ ದೇವರಿಗೆ ಬಿಡಲಿಲ್ಲ?

ಗಂಟೆ ಹೊಡೆಯಿತು. ಮಷೀನು ಶುರುವಾಗುವ ಮೊದಲು ಸರದಿಯಂತೆ ಒಬ್ಬರು ಪ್ರಾರ್ಥನೆ ಹೇಳಬೇಕು. 'ಹಾಗೇ ಆಗಲಿ' ಎನ್ನುವ ತನಕ ಯಾರೂ ಕಣ್ಣು ಬಿಡುವಂತಿಲ್ಲ. ಮಾಲೀಕನದೇ ಕಾನೂನು. ಹಿಂದೊಮ್ಮೆ ಕಣ್ಣು ಬಿಟ್ಟವಳನ್ನು ಎಲ್ಲರೆದುರು ಬೈದಿದ್ದ. ಮುಚ್ಚಿದ ಕಣ್ಣಿಗೆ ಅವಳು ಹೇಗೆ ಕಂಡಳೋ ಅವನೇ ಬಲ್ಲ.

"ಇವತ್ತು ನನ್ನ ತಂಗಿ ಸರದಿ. ಅವಳ ಬದಲು ನಾನು ಹೇಳ್ತೀನಿ," ಎಂದಳು ಇಸ್ತ್ರಿಯಕ್ಕ. ಮಾಲೀಕ ಬೀಗವನ್ನೂ ಬೀಗದ ಕೈಗಳ ಗೊಂಚಲನ್ನೂ ಇಸ್ತ್ರಿ ಮೇಜಿನ ಮೇಲಿಟ್ಟು ಕೈಮುಗಿದು ಕಣ್ಣು ಮುಚ್ಚಿದ.

"ದೇವರೇ, ನನ್ನ ತಂಗಿಗೆ ಮಾತಾಡೋಕೆ ಆಗ್ತಿಲ್ಲ. ಮೊನ್ನೆ ಆ ಹೊಗೇಲಿ ನನ್ನ ಕೈಗೆ ಬಾಗಿಲು ಸಿಗೋ ಹಾಗೆ ಮಾಡಿದೆ. ಬಾಗಿಲು ತೋರಿಸಿದ್ದು ನೀನು. ಬೀಗ ಹಾಕಿದ್ದು ನೀನಲ್ಲ. ನಿನ್ನ ಹೆಸರು ಹೇಳ್ಕೊಂಡು ಹಾಕಿದ್ರು, ಇವತ್ತು ಮತ್ತೆ ಹಾಕ್ತಾರಂತೆ. ಇದು ನಿನಗೆ ಒಪ್ಪಿಗೆಯಾ ಅಂತ ನಿನ್ನನ್ನೇ ಕೇಳ್ತಿದ್ದೀನಿ."

ಧ್ವನಿ ಇಸ್ತ್ರಿ ಮೇಜಿನಿಂದ ಹಿಂಬಾಗಿಲ ಕಡೆಗೆ ಸರಿಯಿತು. ಏನೋ ಕಿಣಿಕಿಣಿ ಎಂದಿತು. ಮಾಲೀಕನ ಕಣ್ಣು ಇವತ್ತು ಮಾತ್ರ ಬಿಗಿಯಾಗಿ ಮುಚ್ಚಿತ್ತು. ಬಿಟ್ಟರೆ ಯಾರ ಮುಖ ನೋಡಬೇಕೋ ಎಂಬಂತೆ.

"ಹಾಗೇ ಆಗಲಿ," ಎಂದಳು. ಸಾಲಿನುದ್ದಕ್ಕೂ ಎಲ್ಲರೂ ಎಂದೂ ಇಲ್ಲದಷ್ಟು ಗಟ್ಟಿಯಾಗಿ ಅದನ್ನೇ ಹೇಳಿದರು.

ಎಲ್ಲರೂ ಕಣ್ಣು ಬಿಟ್ಟಾಗ ಬೀಗದ ಕೈಗಳು, ಕೈ ಚಾಚಿದರೆ ಸಿಗುವಷ್ಟು ಎತ್ತರದಲ್ಲಿ, ಫಲಕದ ಮೊಳೆಗೆ ತೂಗಾಡುತ್ತಿದ್ದವು.

"ಏನಿದು? ತೆಗಿ ಅದನ್ನ," ಎಂದ ಮಾಲೀಕ. ಒಂದು ಮಷೀನೂ ಶುರುವಾಗಲಿಲ್ಲ. ಯಾರೂ ಕೂರಲೂ ಇಲ್ಲ.

ಇಸ್ತ್ರಿಯಕ್ಕ ಬಾಗಿಲಿನಿಂದ ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟಳು.

"ಕಾವಲುಗಾರನ ಹತ್ರಾನೇ ಇರ್ಲಿ ಅಂತ ಇಟ್ಟೆ ಯಜಮಾನ್ರೇ. ಅವನ ಮೇಲೆ ನಂಬಿಕೆ ಇಲ್ಲ ಅಂದ್ರೆ ಬನ್ನಿ, ನೀವೇ ಕಿತ್ಕೊಳ್ಳಿ."