ಕತ್ತಿನ ಮಚ್ಚೆ

ನ್ಯೂಯಾರ್ಕಿನ ಜನ ಮುಗಿಬಿದ್ದು ಕೊಳ್ಳುತ್ತಿದ್ದ ಆ ಚಿತ್ರಗಾರನ ಹೊಸ ಪುಸ್ತಕವನ್ನು ಗಂಡ ಮನೆಗೇ ತಂದಾಗ ಅವಳ ಎದೆ ಧಸಕ್ಕೆಂದಿತು. ಮದುವೆಗೆ ಮುಂಚೆ, ಹೊಟ್ಟೆಪಾಡಿಗಾಗಿ, ಆ ಚಿತ್ರಗಾರನೆದುರು ಅವಳು ರೂಪದರ್ಶಿಯಾಗಿ ಕೂತಿದ್ದಳು. ಹತ್ತು ವರ್ಷದ ಸಂಸಾರದಲ್ಲಿ ಗಂಡನ ಹತ್ತಿರ ಆ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ನಾಟಕಕ್ಕೆ ಸೇರಿದಳೆಂದು ಒಡಹುಟ್ಟಿದ ತಂಗಿಯನ್ನೇ ಮನೆಯಿಂದಾಚೆ ಹಾಕಿದ ಮನುಷ್ಯ ಅವನು.

"ಬಾ, ಜೊತೇಲಿ ನೋಡೋಣ," ಎಂದು ಪಕ್ಕದಲ್ಲೇ ಕೂರಿಸಿಕೊಂಡ.

ಹಾಳೆ ತಿರುವಿದ. ಬರೀ ಮಸಿಗೆರೆಗಳಲ್ಲಿ ಮೂಡಿದ ಹೆಣ್ಣೊಬ್ಬಳು ಬೆನ್ನು ತಿರುಗಿಸಿ ಕೂತಿದ್ದಳು. ಮುಖ ಕಾಣುತ್ತಿರಲಿಲ್ಲ. ಆದರೆ ಎತ್ತಿ ಕಟ್ಟಿದ ತುರುಬಿನ ಕೆಳಗೆ, ಹಿಂಗತ್ತಿನ ಮೇಲೆ, ತನ್ನದೇ ಮಚ್ಚೆ! ಪಾಪಿ, ಅದನ್ನೂ ಬಿಡದೆ ಬರೆದಿದ್ದ.

ಗಂಡ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದ. ಹುಬ್ಬು ಗಂಟಿಕ್ಕಿತು.

"ಏನಿದು, ಇವಳ ಕತ್ತಿನ ಮೇಲೆ?"

ಅವಳು ತನ್ನ ಹಿಂಗತ್ತಿನ ಮೇಲೆ ಕೈಯಿಟ್ಟುಕೊಂಡಳು. "ಎ... ಎಲ್ಲಿ?"

"ಇಲ್ಲಿ. ನಿಂಗೆ ಕಾಣಿಸ್ತಿಲ್ವಾ?"

"ಹೇಳ್ತೀನಿ... ಕೋಪ ಮಾಡ್ಕೋಬೇಡಿ..."

ಅವನಿಗೆ ಅದು ಕೇಳಿಸಲೇ ಇಲ್ಲ. ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡು ಆ ಮಚ್ಚೆಯನ್ನು ತಿಕ್ಕಿದ, ಮತ್ತೆ ತಿಕ್ಕಿದ.

"ಹೋಗ್ತಾನೇ ಇಲ್ಲ ಕಣೇ. ಮಸಿ ಬಿದ್ದಿರೋ ಪುಸ್ತಕಾನ ನನ್ನ ತಲೆಗೆ ಕಟ್ಟಿದ್ದಾನೆ ಆ ಅಂಗಡಿಯವನು! ನಾಳೆ ಬದಲಾಯಿಸ್ಕೊಂಡು ಬರ್ತೀನಿ."